ಪರೇಲ್‌ನ ಕಮಲ್ ರಣದಿವೆ

ಎರಡು ವರ್ಷದ ಹಿಂದೆ ನಮ್ಮ ಮಾವನವರಿಗೆ ಊಟ ಮಾಡುವಾಗ ತುತ್ತು ಎದೆಯಲ್ಲಿ ಸಿಕ್ಕಿಕೊಂಡಂತಾಗುತ್ತಿತ್ತು. ಗ್ಯಾಸ್ ಇರಬೇಕೆಂದು ಓಮದ ನೀರು ಕುಡಿಸಿದೆವು. ಗಂಜಿಯೂ ಇಳಿಯದಾದಾಗ ಎಂಡೋಸ್ಕೋಪಿ ಮಾಡಿಸಿದರೆ ಅನ್ನನಾಳದ ಕ್ಯಾನ್ಸರ್ ಎಂದು ತಿಳಿಯಿತು. ಡೊಂಬಿವಿಲಿಯಿಂದ ಬೆಳಗಿನ ಲೋಕಲ್ ಹಿಡಿದು ಪರೇಲ್‌ನ ಟಾಟಾ ಆಸ್ಪತ್ರೆಗೆ ಓಡಾಡುತ್ತಿದ್ದ ಆ ದಿನಗಳಲ್ಲಿ, ಸರದಿಗಾಗಿ ಕಾಯುತ್ತ ಈ ಕಾಯಿಲೆಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಮೊಬೈಲ್‌ನಲ್ಲಿ ಓದುತ್ತಿದ್ದೆ. ಹಾಗೆ ಸಿಕ್ಕ ಹೆಸರು ಡಾ. ಕಮಲ್ ರಣದಿವೆ. 2021ರ ನವೆಂಬರ್ 8ರಂದು ಗೂಗಲ್ ಡೂಡಲ್‌ನಲ್ಲಿ ಅವರ ಚಿತ್ರ ಬಂದಿತ್ತು. ಅಂದು ನೋಡಿ, ಸುಮ್ಮನೆ ಮುಂದೆ ಸರಿದಿದ್ದೆ.

ಕಮಲ್ ಹುಟ್ಟಿದ್ದು 1917ರಲ್ಲಿ, ಪುಣೆಯಲ್ಲಿ. ತಂದೆ ಫರ್ಗ್ಯುಸನ್ ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಮಗಳು ಡಾಕ್ಟರಾಗಿ, ಡಾಕ್ಟರನನ್ನೇ ಮದುವೆಯಾಗಲಿ ಎಂಬುದು ಅವರ ಆಸೆ. ಮಗಳು ಎರಡನ್ನೂ ಮಾಡಲಿಲ್ಲ! ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಓದಿದರು. 1939ರಲ್ಲಿ ಗಣಿತಜ್ಞ ಜೆ. ಟಿ. ರಣದಿವೆಯವರ ಕೈಹಿಡಿದು ಮುಂಬಯಿಗೆ ಬಂದರು. ಮದುವೆಯ ನಂತರದ ಓದಿಗೆ ಗಂಡನೇ ಒತ್ತಾಸೆಯಾದರು. ಅದರ ಬೆಲೆ ಎಷ್ಟೆಂದು ನಮ್ಮ ಬಳಗದ ಸೋದರಿಯರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಟಾಟಾ ಆಸ್ಪತ್ರೆಯಲ್ಲಿ ಡಾ. ಖಾನೋಲ್ಕರ್ ಅವರ ಕೈಕೆಳಗೆ ದುಡಿದು, 1949ರಲ್ಲಿ ಪಿಎಚ್‌ಡಿ ಪಡೆದರು. ಮುಂದೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ, ಹೀಲಾ ಜೀವಕೋಶಗಳನ್ನು ಬೆಳೆಸಿ ಹೆಸರಾದ ಜಾರ್ಜ್ ಗೈ ಅವರ ಪ್ರಯೋಗಾಲಯದಲ್ಲಿ ಅಂಗಾಂಶ ಕೃಷಿ ಕಲಿತರು. ಕಲಿತದ್ದನ್ನು ಪರೇಲ್‌ನ ಭಾರತೀಯ ಕ್ಯಾನ್ಸರ್ ಸಂಶೋಧನಾ ಕೇಂದ್ರಕ್ಕೆ ತಂದು, ದೇಶದ ಮೊದಲ ಅಂಗಾಂಶ ಕೃಷಿ ಪ್ರಯೋಗಾಲಯ ಕಟ್ಟಿದರು.

ದೇಹದಿಂದ ತೆಗೆದ ಜೀವಕೋಶವನ್ನು ಗಾಜಿನ ಪಾತ್ರೆಯಲ್ಲಿಟ್ಟು, ದೇಹದಷ್ಟೇ ಬಿಸುಪು ಕೊಟ್ಟು, ಪೋಷಕ ದ್ರವ ಉಣಿಸಿ ಬೆಳೆಸುವ ವಿದ್ಯೆ ಇದು. ಒಂದೇ ಒಂದು ಸೂಕ್ಷ್ಮಾಣು ಒಳಹೊಕ್ಕರೂ ವಾರಗಳ ಶ್ರಮ ನೀರುಪಾಲು. ನಮ್ಮ ಐಟಿಯಲ್ಲಿ ಹೊಸ ಕೋಡನ್ನು ನೇರವಾಗಿ ಗ್ರಾಹಕರ ಸಿಸ್ಟಮ್‌ಗೆ ಹಾಕುವುದಿಲ್ಲ, ಮೊದಲು ಟೆಸ್ಟ್ ಸರ್ವರ್‌ನಲ್ಲಿ ಓಡಿಸುತ್ತೇವೆ. ರೋಗಿಯ ಮೇಲೆ ಮಾಡಲಾಗದ ಪರೀಕ್ಷೆಗೂ ಅಂಥದೊಂದು ಜಾಗ ಬೇಕಲ್ಲ? 1960ರ ದಶಕದಲ್ಲಿ ಆ ಪೋಷಕ ದ್ರವವನ್ನೂ ಕಮಲ್ ಮತ್ತು ಅವರ ಸಹಾಯಕರು ಇಲ್ಲಿಯೇ ತಯಾರಿಸಿದರು. ಪ್ರಾಣಿಗಳ ಮೇಲಿನ ಅಧ್ಯಯನದಿಂದ ರಕ್ತದ, ಸ್ತನದ, ಅನ್ನನಾಳದ ಕ್ಯಾನ್ಸರ್‌ಗಳ ಕಾರಣ ಹುಡುಕಿದರು. ಸ್ತನ ಕ್ಯಾನ್ಸರಿಗೂ ವಂಶವಾಹಿಗೂ ನಂಟಿದೆಯೆಂದು ಮೊದಮೊದಲು ಹೇಳಿದವರಲ್ಲಿ ಅವರೂ ಒಬ್ಬರು. ಮಾವನವರಿಗೆ ಕೊಟ್ಟ ಔಷಧಿಯನ್ನು ಕಂಡುಹಿಡಿದದ್ದು ಇವರೇ ಎಂದು ಹೇಳಲಾರೆ. ಆದರೆ ಅವರ ಅನ್ನನಾಳದ ಆ ಚೂರು ಲ್ಯಾಬಿಗೆ ಹೋದ ದಿನ, ಇಂಥ ಕೆಲಸವನ್ನೇ ಜೀವನವಾಗಿಸಿಕೊಂಡ ಹೆಂಗಸೊಬ್ಬಳು ಇದೇ ಪರೇಲ್‌ನಲ್ಲಿದ್ದಳೆಂಬುದು ನನಗೆ ಧೈರ್ಯ ಕೊಟ್ಟಿತು.

1973ರಲ್ಲಿ ಅವರು ಮತ್ತು ಗೆಳತಿಯರು ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘ ಕಟ್ಟಿದರು. ವಾಶಿಯಲ್ಲಿ ಆ ಸಂಘದ ಹಾಸ್ಟೆಲ್ ಇದೆ, ದುಡಿಯುವ ತಾಯಂದಿರ ಮಕ್ಕಳಿಗೆ ಶಿಶುಪಾಲನಾ ಕೇಂದ್ರವೂ ಇದೆ. 1982ರಲ್ಲಿ ಪದ್ಮಭೂಷಣ ಬಂತು. ಇಳಿವಯಸ್ಸಿನಲ್ಲಿ ಅಹ್ಮದ್‌ನಗರದ ಆದಿವಾಸಿ ಮಕ್ಕಳ ಪೌಷ್ಟಿಕತೆಯ ಅಧ್ಯಯನಕ್ಕೆ ಹಳ್ಳಿ ಹಳ್ಳಿ ಸುತ್ತಿದರು. 2001ರಲ್ಲಿ ತೀರಿಕೊಂಡರು.

ಆಸ್ಪತ್ರೆ, ಮಗು, ಆಫೀಸು ಮೂರನ್ನೂ ಹೊರಲಾರದೆ ಆ ತಿಂಗಳು ನಾನು ರಾಜೀನಾಮೆ ಬರೆದಿಟ್ಟಿದ್ದೆ. ಅದು ಡ್ರಾಫ್ಟ್‌ನಲ್ಲೇ ಉಳಿದಿದೆ. ಮಾವನವರು ಈಗ ಮೆತ್ತಗೆ ಬೆಂದ ಅನ್ನಕ್ಕೆ ತಿಳಿಸಾರು ಹಾಕಿಸಿಕೊಂಡು ನಿಧಾನವಾಗಿ ಊಟ ಮಾಡುತ್ತಾರೆ.