ಟಪ್ಪಾಲು ಹೊತ್ತು ಹಾರಿದ ಜೆ.ಆರ್.ಡಿ. ಟಾಟಾ



ಆಟದ ಪೀರಿಯಡ್‌ನಲ್ಲಿ ನಮ್ಮ ಮೈದಾನದ ಮೇಲೆ ವಿಮಾನ ಹೋಗೋದನ್ನು ನೀವೆಲ್ಲ ನೋಡಿದ್ದೀರಿ. ಬೆಂಗಳೂರಿಂದ ಚೆನ್ನೈಗೆ ಅದು ಎಷ್ಟು ಹೊತ್ತಲ್ಲಿ ಹೋಗುತ್ತೆ ಅಂತ ನನಗೂ ಶ್ರೀನಿವಾಸಪುರದ ಕಡೆಯಿಂದ ಬರೋ ನನ್ನ ಗೆಳೆಯನಿಗೂ ಜಗಳ ಆಯ್ತು. ನಾನು ಎರಡು ಗಂಟೆ ಅಂದೆ, ಅವನು ಒಂದು ಗಂಟೆಯೊಳಗೆ ಅಂದ. ಪಂದ್ಯ ಎರಡು ಮಾವಿನಹಣ್ಣು. ಮೇಷ್ಟ್ರು ಅಟ್ಲಾಸ್ ಕೊಟ್ಟು, ಅಳೆದು ನೋಡ್ರೋ ಅಂದರು. ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಕೋಲಾರ, ಮುಳಬಾಗಿಲು ಪಕ್ಕದಲ್ಲೇ ಹೋಯಿತು! ಮುನ್ನೂರು ಕಿ.ಮೀ. ಕೂಡ ಇಲ್ಲ. ಗಾಳಿಯಲ್ಲಿ ಇರೋದು ಹೆಚ್ಚುಕಮ್ಮಿ ಮುಕ್ಕಾಲು ಗಂಟೆ. ನಾನು ಸೋತೆ. ಆವಾಗ ಮೇಷ್ಟ್ರು ಹೇಳಿದ ಕಥೆಯನ್ನೇ ಇಲ್ಲಿ ಬರೆದಿದ್ದೇನೆ.

ಜೆ.ಆರ್.ಡಿ. ಟಾಟಾ ಹುಟ್ಟಿದ್ದು 1904ರ ಜುಲೈ 29ರಂದು, ಪ್ಯಾರಿಸ್‌ನಲ್ಲಿ. ಬೇಸಿಗೆ ಕಳೆಯಲು ಹೋಗುತ್ತಿದ್ದ ಸಮುದ್ರ ತೀರದ ಊರಿನಲ್ಲಿ ಬ್ಲೆರಿಯೊ ಎಂಬುವರ ಮನೆ ಇತ್ತು. 1909ರಲ್ಲಿ ಫ್ರಾನ್ಸಿನಿಂದ ಇಂಗ್ಲೆಂಡಿಗೆ ಕಡಲ ಮೇಲೆ ವಿಮಾನದಲ್ಲಿ ಹಾರಿದವರು ಅವರೇ. ಆ ದೂರ ನಮ್ಮ ಮುಳಬಾಗಿಲಿಂದ ಕೋಲಾರಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ. ಅದಕ್ಕೇ ಲೋಕವೆಲ್ಲ ಬೆರಗಾಗಿತ್ತಂತೆ. ಹುಡುಗ ಜೆ.ಆರ್.ಡಿ.ಗೆ ವಿಮಾನದ ಹುಚ್ಚು ಹತ್ತಿದ್ದು ಅಲ್ಲೇ. 1929ರಲ್ಲಿ ಭಾರತದಲ್ಲಿ ಕೊಟ್ಟ ಮೊಟ್ಟಮೊದಲ ಪೈಲಟ್ ಲೈಸೆನ್ಸ್ ಅವರ ಕೈಗೆ ಬಂತು.

ಮರುವರ್ಷ ಇಂಗ್ಲೆಂಡಿಗೂ ಭಾರತಕ್ಕೂ ನಡುವೆ ಒಬ್ಬಂಟಿಯಾಗಿ ಹಾರುವ ಪಂದ್ಯ ನಡೆಯಿತು. ಜೆ.ಆರ್.ಡಿ. ಈ ಕಡೆಯಿಂದ ಹೊರಟರು, ಆಸ್ಪಿ ಇಂಜಿನಿಯರ್ ಎಂಬ ಹುಡುಗ ಆ ಕಡೆಯಿಂದ. ಈಜಿಪ್ಟಿನಲ್ಲಿ ಇಬ್ಬರೂ ಎದುರಾದಾಗ ಆಸ್ಪಿ ಸ್ಪಾರ್ಕ್ ಪ್ಲಗ್ ಇಲ್ಲದೆ ನಿಂತುಬಿಟ್ಟಿದ್ದ. ಜೆ.ಆರ್.ಡಿ. ತಮ್ಮ ಹತ್ತಿರ ಇದ್ದದ್ದನ್ನು ಕೊಟ್ಟರು. ಗೆದ್ದವನು ಆಸ್ಪಿ! ನಾನಾಗಿದ್ದರೆ ಕೊಡ್ತಿದ್ದೆನೋ ಇಲ್ಲವೋ.

ಆಗ ಇಂಗ್ಲೆಂಡಿನ ಟಪ್ಪಾಲು ಕರಾಚಿವರೆಗೆ ಮಾತ್ರ ವಿಮಾನದಲ್ಲಿ ಬರುತ್ತಿತ್ತು. ಮುಂದಕ್ಕೆ ರೈಲು. ಅದನ್ನು ನಾವೇ ವಿಮಾನದಲ್ಲಿ ತರುತ್ತೇವೆ ಅಂತ ಟಾಟಾದವರು ಕೇಳಿದರೆ ಸರ್ಕಾರ ವರ್ಷಗಟ್ಟಲೆ ಎಳೆದಾಡಿತು. ಕೊನೆಗೆ ಒಪ್ಪಿದಾಗಲೂ ಸಹಾಯಧನ ಕೊಡಲಿಲ್ಲ. ನಷ್ಟವಾದರೆ ಅವರದೇ. ಆದರೂ 1932ರ ಅಕ್ಟೋಬರ್ 15ರ ಬೆಳಿಗ್ಗೆ ಜೆ.ಆರ್.ಡಿ. ಒಂದೇ ಇಂಜಿನ್ನಿನ ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಟಪ್ಪಾಲು ಚೀಲ ಹಾಕಿಕೊಂಡು ಕರಾಚಿಯಿಂದ ಹೊರಟರು. ರೇಡಿಯೊ ಇಲ್ಲ, ದಾರಿ ತೋರಿಸೋರಿಲ್ಲ. ಅಹಮದಾಬಾದಿನಲ್ಲಿ ಇಳಿದು ಪೆಟ್ರೋಲ್ ತುಂಬಿಸಿ, ಮಧ್ಯಾಹ್ನ ಮುಂಬೈಯ ಜುಹುವಿನಲ್ಲಿ ಇಳಿದರು. ಸುಮಾರು ಸಾವಿರ ಕಿ.ಮೀ. ದಾರಿಗೆ ಏಳು ಗಂಟೆ ಚಿಲ್ಲರೆ.

ಅಲ್ಲಿಂದ ಮದರಾಸಿಗೆ ಟಪ್ಪಾಲು ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಕತ್ತಲಲ್ಲಿ ಇಳಿಯುವ ವ್ಯವಸ್ಥೆ ಆಗಿರಲಿಲ್ಲ. ಹಾಗಾಗಿ ರಾತ್ರಿ ತಂಗಿದ್ದು ನಮ್ಮ ಬಳ್ಳಾರಿಯಲ್ಲಿ! ಮದರಾಸು ಮುಟ್ಟಿದ್ದು ಮರುದಿನ. ಮಳೆಗಾಲದಲ್ಲಿ ಜುಹು ಮೈದಾನ ನೀರಲ್ಲಿ ಮುಳುಗುತ್ತಿದ್ದರಿಂದ ಪುಣೆಗೆ ಗಂಟುಮೂಟೆ ಕಟ್ಟುತ್ತಿದ್ದರು.

ಅದೇ ಸಂಸ್ಥೆ ಬೆಳೆದು ಏರ್ ಇಂಡಿಯಾ ಆಯಿತು. 1953ರಲ್ಲಿ ಸರ್ಕಾರ ಅದನ್ನು ತೆಗೆದುಕೊಂಡರೂ ಅಧ್ಯಕ್ಷರಾಗಿ ಜೆ.ಆರ್.ಡಿ. ಅವರೇ ಇದ್ದರು. 1978ರಲ್ಲಿ ಸರ್ಕಾರ ಅವರನ್ನು ಆ ಸ್ಥಾನದಿಂದ ತೆಗೆಯಿತು. 2022ರಲ್ಲಿ ಏರ್ ಇಂಡಿಯಾ ಮತ್ತೆ ಟಾಟಾ ಅವರ ಕೈ ಸೇರಿತು. ಅದನ್ನು ನೋಡಲು ಅವರಿರಲಿಲ್ಲ. 1993ರ ನವೆಂಬರ್ 29ರಂದು ಜಿನೀವಾದಲ್ಲಿ ತೀರಿಕೊಂಡಿದ್ದರು.

ಒಂದು ಸಂಗತಿ ಬಿಟ್ಟೆ. 1982ರಲ್ಲಿ, ಆ ಮೊದಲ ಹಾರಾಟಕ್ಕೆ ಐವತ್ತು ವರ್ಷ ತುಂಬಿದ ದಿನ, ಅವರು ಹಳೇ ಕಾಲದ ಪುಟ್ಟ ವಿಮಾನದಲ್ಲೇ ಮತ್ತೆ ಕರಾಚಿಯಿಂದ ಮುಂಬೈಗೆ ಹಾರಿಸಿಕೊಂಡು ಬಂದರು. ಆಗ ಅವರಿಗೆ 78 ವರ್ಷ. ನಮ್ಮ ತಾತನಿಗೆ ಇದನ್ನು ಹೇಳಿದರೆ ನಂಬಲೇ ಇಲ್ಲ.

ಮಾವಿನಹಣ್ಣು ಇನ್ನೂ ಕೊಟ್ಟಿಲ್ಲ. ಕಾಲ ಬರಲಿ ಅಂದಿದ್ದೇನೆ.

— 9ನೇ ತರಗತಿಯ ವಿದ್ಯಾರ್ಥಿ