ಕಾಗೋಡಿನಿಂದ ಜಾಕ್ಸನ್‌ವರೆಗೆ: ಲೋಹಿಯಾ ಕಂಡ ಒಂದೇ ಅನ್ಯಾಯ

ತೀರ್ಥಹಳ್ಳಿ ತಾಲೂಕಿನ ಕೋಣಂದೂರನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅಡಿಕೆ ತೋಟ, ಗದ್ದೆ ಬಯಲು, ಬಿಡದೆ ಸುರಿಯುವ ಮಳೆ ಇವಷ್ಟೇ ಆ ಸೀಮೆಯ ಗುರುತು ಎಂದುಕೊಂಡಿದ್ದರೆ ಇನ್ನೊಂದನ್ನೂ ಸೇರಿಸಿಕೊಳ್ಳಿ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರೂ ತಾಲೂಕುಗಳು ಒಂದು ಕಾಲಕ್ಕೆ ಸಮಾಜವಾದಿಗಳ ನೆಲೆಯಾಗಿದ್ದವು. ಶಾಂತವೇರಿ ಗೋಪಾಲಗೌಡರು ಹುಟ್ಟಿ ಬೆಳೆದದ್ದು ಇಲ್ಲಿಯೇ. 1972ರಲ್ಲಿ ತೀರ್ಥಹಳ್ಳಿಯಿಂದ ಶಾಸಕರಾದ ಕೋಣಂದೂರು ಲಿಂಗಪ್ಪನವರು ತಮ್ಮ ಊರಿನ ಹೆಸರನ್ನೇ ಹೊತ್ತು ರಾಜಕೀಯ ಮಾಡಿದವರು. ಇವರೆಲ್ಲರೂ ಗುರುವೆಂದು ಒಪ್ಪಿಕೊಂಡದ್ದು ಉತ್ತರ ಪ್ರದೇಶದ ಒಬ್ಬ ಕುಳ್ಳ, ಕಪ್ಪು ಮೈಬಣ್ಣದ, ಮುಂಗೋಪದ ಮನುಷ್ಯನನ್ನು. ಅವರೇ ಡಾ. ರಾಮಮನೋಹರ ಲೋಹಿಯಾ.

ಅವರ ಜೀವನವನ್ನು ನಿಮಗೆ ಹೇಳಲು ಕಾರಣವಿದೆ. 2020ರ ಮೇ 25ರಂದು ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿಯ ಕತ್ತಿನ ಮೇಲೆ ಪೊಲೀಸನೊಬ್ಬ ಮೊಣಕಾಲೂರಿ ಕೊಂದ ದೃಶ್ಯವನ್ನು ನೀವೂ ಟಿ.ವಿ.ಯಲ್ಲಿ ಕಂಡಿರುತ್ತೀರಿ. ಮರುಗಿರುತ್ತೀರಿ, ಸಿಟ್ಟೂ ಬಂದಿರುತ್ತದೆ. ದೂರದ ಅನ್ಯಾಯ ನಮ್ಮ ಕಣ್ಣಿಗೆ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ! ಆದರೆ ಅಂಗಳದ ಅನ್ಯಾಯ ಪದ್ಧತಿ ಎಂಬ ಹೆಸರಿನಲ್ಲಿ ಮರೆಯಾಗಿರುತ್ತದೆ. ಈ ಎರಡನ್ನೂ ಒಂದೇ ಕಣ್ಣಿನಿಂದ ನೋಡಿ, ಎರಡೂ ಕಡೆ ಬಂಧನಕ್ಕೊಳಗಾದವರು ಲೋಹಿಯಾ.

ಅವರು 1910ರ ಮಾರ್ಚ್ 23ರಂದು ಅಕ್ಬರ್‌ಪುರದಲ್ಲಿ ಹುಟ್ಟಿದರು. ತಾಯಿಯನ್ನು ಎಳೆಯ ವಯಸ್ಸಿನಲ್ಲೇ ಕಳೆದುಕೊಂಡರು. ತಂದೆ ಗಾಂಧೀಜಿಯ ಅನುಯಾಯಿ. ಬರ್ಲಿನ್ನಿಗೆ ಹೋಗಿ ಓದಿ, ಡಾಕ್ಟರೇಟ್ ಪಡೆದು ಮರಳಿದರು. 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷ ಕಟ್ಟಿದವರಲ್ಲಿ ಒಬ್ಬರಾದರು. 1942ರ ಚಳವಳಿಯಲ್ಲಿ ಭೂಗತರಾಗಿ ಗುಪ್ತ ರೇಡಿಯೋ ನಡೆಸುವುದರಲ್ಲಿ ಕೈಜೋಡಿಸಿದರು. 1944ರಲ್ಲಿ ಸಿಕ್ಕಿಬಿದ್ದು ಲಾಹೋರ್ ಕೋಟೆಯ ಸೆರೆಯಲ್ಲಿ ಚಿತ್ರಹಿಂಸೆ ಅನುಭವಿಸಿದರು.

ಸೆರೆಯಿಂದ ಬಿಡುಗಡೆಯಾದಾಗ ಮೈಯಲ್ಲಿ ಶಕ್ತಿ ಇರಲಿಲ್ಲ. ಬರ್ಲಿನ್ನಿನಲ್ಲಿ ಜೊತೆಗಿದ್ದ ಗೆಳೆಯರೊಬ್ಬರು ವಿಶ್ರಾಂತಿಗೆಂದು ಗೋವೆಯ ಅಸೋಳ್ಣಾದ ತಮ್ಮ ಮನೆಗೆ ಕರೆದೊಯ್ದರು. ಆ ಗೆಳೆಯರು ನಮ್ಮ ಕಥೋಲಿಕ ಮನೆತನದ ಡಾ. ಜುಲಿಯಾಂವ್ ಮಿನೇಜಿಸ್. ವಿಶ್ರಾಂತಿ ಎಲ್ಲಿಂದ ಬರಬೇಕು! ಪೋರ್ಚುಗೀಸರ ಆಳ್ವಿಕೆಯಲ್ಲಿ ಜನ ಸಭೆ ಸೇರಿ ಮಾತಾಡುವಂತೆಯೂ ಇಲ್ಲವೆಂದು ಕಂಡ ಲೋಹಿಯಾ 1946ರ ಜೂನ್ 18ರಂದು ಮಡಗಾಂವಿನಲ್ಲಿ ಸಭೆ ಕರೆದರು. ಇಬ್ಬರು ಗೆಳೆಯರೂ ಬಂಧಿತರಾದರು. ಗೋವೆಯ ಬಿಡುಗಡೆಯ ಕಥೆ ಅಲ್ಲಿಂದ ಹೊಸ ತಿರುವು ಪಡೆಯಿತು.

ಐದು ವರ್ಷಗಳ ಮೇಲೆ ಅವರು ನಮ್ಮ ಮಲೆನಾಡಿಗೆ ಬಂದರು. ಸಾಗರ ತಾಲೂಕಿನ ಕಾಗೋಡು ಸಣ್ಣ ಊರು. ಅಲ್ಲಿ ಒಡೆಯರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು ಹೆಚ್ಚಾಗಿ ದೀವರು. ಗೇಣಿಯ ಭತ್ತ ಅಳೆಯುವ ಕೊಳಗದ ವಿಚಾರದಲ್ಲಿ ಜಗಳ ಹತ್ತಿತು. ರೈತರಿಂದ ವಸೂಲಿ ಮಾಡುವಾಗ ಕೊಳಗ ದೊಡ್ಡದಾಗುತ್ತಿತ್ತು. ನಿಮಗೆ ಇದು ಭತ್ತದ ಲೆಕ್ಕವೆಂದು ಮಾತ್ರ ತೋರಬಹುದು. ಆದರೆ ಆ ಕಾಲದ ಮಲೆನಾಡಿನಲ್ಲಿ ಗೇಣಿದಾರ ಒಡೆಯನ ಜಗಲಿಯ ಮೇಲೆ ಕೂರುವಂತಿರಲಿಲ್ಲ. ಅಂಗಳದಲ್ಲೇ ನಿಂತು ಮಾತಾಡಬೇಕಿತ್ತು. ದೊಡ್ಡ ಕೊಳಗವನ್ನು ಪ್ರಶ್ನಿಸಲು ಮೊದಲು ಆ ಅಂಗಳದಲ್ಲಿ ತಲೆ ಎತ್ತಬೇಕಾಗಿತ್ತು. ಎಚ್. ಗಣಪತಿಯಪ್ಪನವರು ರೈತಸಂಘ ಕಟ್ಟಿ ಅವರಿಗೆ ತಲೆ ಎತ್ತಲು ಕಲಿಸಿದರು. 1951ರ ಏಪ್ರಿಲ್‌ನಲ್ಲಿ ಸತ್ಯಾಗ್ರಹ ಆರಂಭವಾಯಿತು. ನೇಗಿಲು ಹೊತ್ತು ಗದ್ದೆಗೆ ಇಳಿದವರು ತಂಡತಂಡವಾಗಿ ಜೈಲು ಸೇರಿದರು. ಗೋಪಾಲಗೌಡರು ಮುಂದೆ ನಿಂತರು. ಜೂನ್ ತಿಂಗಳಲ್ಲಿ ಲೋಹಿಯಾ ದೆಹಲಿಯ ದೊಡ್ಡ ರಾಜಕೀಯ ಬಿಟ್ಟು ಈ ಸಣ್ಣ ಊರಿಗಾಗಿ ಬಂದರು, ಸತ್ಯಾಗ್ರಹ ಮಾಡಿದರು, ಬಂಧಿತರಾದರು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಶಾಸಕರಾಗಿ ಆಯ್ಕೆಯಾದರು. 1974ರಲ್ಲಿ ಉಳುವವನೇ ಹೊಲದೊಡೆಯ ಎಂಬ ಕಾನೂನು ರಾಜ್ಯದಲ್ಲಿ ಜಾರಿಯಾದಾಗ ಗೋಪಾಲಗೌಡರೂ ಇರಲಿಲ್ಲ, ಲೋಹಿಯಾ ಅವರೂ ಇರಲಿಲ್ಲ.

ಈಗ ಒಂದು ಸಂಗತಿಯನ್ನು ದಯವಿಟ್ಟು ಗಮನಿಸಿ. ಕಾಗೋಡಿನ ಬಂಧನ ಕಳೆದು ಕೆಲವೇ ವಾರಗಳಲ್ಲಿ, ಅದೇ 1951ರಲ್ಲಿ, ಲೋಹಿಯಾ ಅಮೆರಿಕ ಪ್ರವಾಸ ಹೊರಟರು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ನಲ್ಲಿ, ಬಸ್ಸಿನಲ್ಲಿ ಹಿಂದಿನ ಸೀಟು ಇದ್ದ ಕಾಲ ಅದು. ಕಾಗೋಡಿನ ಅಂಗಳ ಕಂಡು ಬಂದವರಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಟೆನೆಸಿ ರಾಜ್ಯದ ಫಿಸ್ಕ್ ವಿಶ್ವವಿದ್ಯಾಲಯದ ಕಪ್ಪು ವಿದ್ಯಾರ್ಥಿಗಳಿಗೂ, ಹೈಲ್ಯಾಂಡರ್ ಎಂಬ ಜಾನಪದ ಶಾಲೆಯವರಿಗೂ ಅವರು ಹೇಳಿದ್ದು ಒಂದೇ: ಕೋರ್ಟಿನ ತೀರ್ಪಿಗೆ ಕಾಯುತ್ತ ಕೂರದೆ ಗಾಂಧೀಜಿಯ ದಾರಿಯಲ್ಲಿ ಕಾನೂನು ಮುರಿದು ಜೈಲಿಗೆ ಹೋಗಲು ಸಿದ್ಧರಾಗಬೇಕು. ಆಗ ಅದು ಹಲವರಿಗೆ ದುಡುಕಿನ ಮಾತಾಗಿ ಕಂಡಿರಬೇಕು. ಅದೇ ಹೈಲ್ಯಾಂಡರ್ ಶಾಲೆಗೆ 1955ರ ಬೇಸಿಗೆಯಲ್ಲಿ ತರಬೇತಿಗೆ ಬಂದ ರೋಸಾ ಪಾರ್ಕ್ಸ್ ಎಂಬ ಮಹಿಳೆ, ಆ ಡಿಸೆಂಬರಿನಲ್ಲಿ ಮಾಂಟ್ಗೊಮರಿಯ ಬಸ್ಸಿನಲ್ಲಿ ಸೀಟು ಬಿಟ್ಟು ಏಳಲಿಲ್ಲ. ಮುಂದಿನದು ಮಾರ್ಟಿನ್ ಲೂಥರ್ ಕಿಂಗರ ಚರಿತ್ರೆ, ಅದು ನಿಮಗೆ ಗೊತ್ತು.

1963ರಲ್ಲಿ ಲೋಹಿಯಾ ಲೋಕಸಭೆಗೆ ಆಯ್ಕೆಯಾದರು. ಮರುವರ್ಷ ಮತ್ತೆ ಅಮೆರಿಕಕ್ಕೆ ಹೋದಾಗ ಮಿಸಿಸಿಪ್ಪಿ ರಾಜ್ಯದ ಜಾಕ್ಸನ್ ನಗರದ ಹೊರಗಿರುವ ಟೂಗಲೂ ಕಾಲೇಜಿಗೆ ಬಂದರು. ಮಿಷನರಿಗಳು ಕಪ್ಪು ಜನರಿಗಾಗಿ ತೆರೆದ ಕಾಲೇಜು ಅದು. ಅಲ್ಲಿನ ವಿದ್ಯಾರ್ಥಿಗಳೂ ಗುರುಗಳೂ ಒಂದು ವರ್ಷದಿಂದ ಜಾಕ್ಸನ್ನಿನ ಬಿಳಿಯರ ಚರ್ಚುಗಳ ಬಾಗಿಲಿಗೆ ಹೋಗಿ ಆರಾಧನೆಗೆ ಬಿಡಿರೆಂದು ಕೇಳುತ್ತಿದ್ದರು. ಬಾಗಿಲಲ್ಲಿ ಕಾವಲು ನಿಂತ ಸಭೆಯವರು ಹಿಂದಕ್ಕೆ ಕಳುಹಿಸುತ್ತಿದ್ದರು. ಆ ವರ್ಷದ ಪುನರುತ್ಥಾನದ ಹಬ್ಬದಂದು ಮೆಥಡಿಸ್ಟ್ ಸಭೆಯ ಇಬ್ಬರು ಬಿಷಪರು, ಒಬ್ಬರು ಕಪ್ಪು, ಒಬ್ಬರು ಬಿಳಿ, ಜೊತೆಯಾಗಿ ತಮ್ಮದೇ ಸಭೆಯ ಗ್ಯಾಲೋವೇ ಚರ್ಚಿಗೆ ಹೋದಾಗ ಅವರನ್ನೂ ಒಳಗೆ ಬಿಡಲಿಲ್ಲ. ಆ ಬಿಳಿಯ ಬಿಷಪ್ ಜೇಮ್ಸ್ ಮ್ಯಾಥ್ಯೂಸ್ ಒಮ್ಮೆ ಭಾರತದಲ್ಲಿ ಮಿಷನರಿಯಾಗಿದ್ದವರು. ಯೇಸುವಿನ ಪುನರುತ್ಥಾನವನ್ನು ಒಳಗೆ ಕೊಂಡಾಡುತ್ತಿದ್ದವರು ಬಾಗಿಲು ಕಾಯಲು ಜನರನ್ನು ನಿಲ್ಲಿಸಿದ್ದರು ಎಂಬುದನ್ನು ಓದುವಾಗ ಮನಸ್ಸು ಭಾರವಾಗುತ್ತದೆ.

ಎರಡು ತಿಂಗಳ ನಂತರ, ಮೇ ಕೊನೆಯ ವಾರದಲ್ಲಿ, ಲೋಹಿಯಾ ಜಾಕ್ಸನ್ನಿನ ಮಾರಿಸನ್ ಎಂಬ ಹೋಟೆಲಿಗೆ ಊಟಕ್ಕೆ ಹೋದರು. ಬಿಳಿಯರಿಗೆ ಮಾತ್ರ ಎಂದು ಕಳುಹಿಸಿಬಿಟ್ಟರು. ಅವರು ಮತ್ತೆ ಬರುವುದಾಗಿ ಮೊದಲೇ ತಿಳಿಸಿ, ಖಾದಿ ಪಂಚೆಯುಟ್ಟು ಅದೇ ಬಾಗಿಲಿಗೆ ಬಂದರು. ಹೊರಡಲು ಹೇಳಿದರೂ ಹೊರಡಲಿಲ್ಲ. ಪೊಲೀಸರು ವ್ಯಾನಿಗೆ ಹತ್ತಿಸಿಕೊಂಡು ಹೋಗಿ ಸ್ವಲ್ಪ ಹೊತ್ತಿನಲ್ಲೇ ಬಿಟ್ಟರು. ಭಾರತದ ಸಂಸದರೆಂದು ತಿಳಿದಾಗ ಅಮೆರಿಕ ಸರ್ಕಾರ ಗಾಬರಿಗೊಂಡು ಕ್ಷಮೆ ಕೇಳಿತು. ಕ್ಷಮೆ ತಮಗೆ ಬೇಕಿಲ್ಲ, ಕೇಳುವುದಾದರೆ ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನು ಕೇಳಲಿ ಎಂಬರ್ಥದ ಉತ್ತರ ಅವರದಾಗಿತ್ತು. ಅದೇ ವಾರ ದೆಹಲಿಯಲ್ಲಿ ನೆಹರೂ ತೀರಿಕೊಂಡಿದ್ದರಿಂದ ನಮ್ಮಲ್ಲಿ ಈ ಸುದ್ದಿಗೆ ಹೆಚ್ಚು ಕಿವಿಗೊಟ್ಟವರಿಲ್ಲ. ಜುಲೈ 2ರಂದು ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಕಾಯಿದೆಗೆ ಸಹಿ ಬಿತ್ತು. ಅಂಥ ಹೋಟೆಲುಗಳು ಬಣ್ಣ ನೋಡಿ ಬಾಗಿಲು ಹಾಕುವುದು ಅಪರಾಧವಾಯಿತು.

ಲೋಹಿಯಾ ದೇವರನ್ನು ನಂಬಿದವರಲ್ಲ. ರಾಜಕೀಯದಲ್ಲಿ ಹಟಮಾರಿ, ಗೆಳೆಯರೊಡನೆ ಜಗಳವಾಡಿ ಪಕ್ಷ ಒಡೆದವರು. ಕಾಂಗ್ರೆಸ್ಸನ್ನು ಸೋಲಿಸುವ ಆತುರದಲ್ಲಿ ಅವರು ಮಾಡಿಕೊಂಡ ಕೆಲವು ಹೊಂದಾಣಿಕೆಗಳನ್ನು ಇಂದಿಗೂ ಒಪ್ಪದವರಿದ್ದಾರೆ, ನಾನೂ ಅವರಲ್ಲೊಬ್ಬ. ಆದರೆ ಅವರ ಒಂದು ಬರಹವನ್ನು ಪ್ರತಿ ಮನೆಯ ತಂದೆತಾಯಿಯರೂ ಓದಬೇಕಿತ್ತು. ಬಿಳಿ ಬಣ್ಣವೇ ಚೆಲುವು ಎಂಬ ನಂಬಿಕೆ ಎಲ್ಲಿಂದ ಬಂತು ಎಂದು ಅದರಲ್ಲಿ ಕೇಳುತ್ತಾರೆ. ಬಿಳಿಯರು ಜಗತ್ತನ್ನು ಆಳಿದ್ದರಿಂದ ಬಂತು, ಆಫ್ರಿಕದವರು ಆಳಿದ್ದರೆ ಕವಿಗಳು ಬೇರೆಯೇ ಬಣ್ಣವನ್ನು ಹೊಗಳುತ್ತಿದ್ದರು ಎಂಬುದು ಅವರ ವಾದ. ಕಪ್ಪು ಮೈಯ ದ್ರೌಪದಿಯನ್ನು ಅವರು ಸಾವಿತ್ರಿಗಿಂತ ಮೇಲೆ ಕೂರಿಸಿದರು.

ಈಗ ಕಳೆದ ಭಾನುವಾರದ ಪತ್ರಿಕೆಯ ವಧೂವರರ ಪುಟವನ್ನು ತೆಗೆದು ನೋಡಿ. ನಮ್ಮ ಮನೆಗಳಲ್ಲಿ ಹೆಣ್ಣು ಮಗು ಹುಟ್ಟಿದಾಗ ನೋಡಲು ಬಂದವರು ಮೊದಲು ಏನು ಕೇಳುತ್ತಾರೆಂದು ನೆನಪಿಸಿಕೊಳ್ಳಿ. ಒಂದೇ ಪೂಜೆಯಲ್ಲಿ ಒಂದೇ ಪರಮಪ್ರಸಾದ ಸ್ವೀಕರಿಸುವ ನಾವು, ಮದುವೆಯ ಮಾತು ಬಂದಾಗ ಅವರು ಬಾಮಣರೋ ಚಾರೋಡಿಗಳೋ ಎಂದು ಪಿಸುಗುಟ್ಟುವುದಿಲ್ಲವೇ? ದಲಿತ ಕ್ರೈಸ್ತ ಕುಟುಂಬದ ಮನೆಯಲ್ಲಿ ಪ್ರಾರ್ಥನೆಗೆ ಹೋದವರು ಕಾಫಿಯ ಲೋಟ ಮುಟ್ಟದೆ ಏಳುವುದನ್ನು ನೀವು ಕಂಡಿಲ್ಲವೇ? ನಾನು ಕಂಡಿದ್ದೇನೆ, ಸುಮ್ಮನಿದ್ದೇನೆ ಕೂಡ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ಹೊರತಂದ ದಲಿತರ ಸಬಲೀಕರಣದ ನೀತಿಯಲ್ಲಿ ಜಾತಿ ಭೇದ ಘೋರವಾದ ಸಾಮಾಜಿಕ ಪಾಪವೆಂದು ಒಪ್ಪಿಕೊಂಡಿದೆ.

ನಮ್ಮ ಮಕ್ಕಳು ಕಂಪ್ಯೂಟರ್ ಕೆಲಸಕ್ಕೆಂದು ಹೋಗಿರುವ ಅಮೆರಿಕದ ಸಿಯಾಟಲ್ ನಗರ 2023ರ ಫೆಬ್ರವರಿ 21ರಂದು ಜಾತಿಯ ಹೆಸರಿನ ತಾರತಮ್ಯವನ್ನು ನಿಷೇಧಿಸಿತು. ಆ ದೇಶದಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಬಣ್ಣದ ಭೇದ ಅಲ್ಲಿ ಮೊದಲೇ ಇತ್ತು. ಜಾತಿಯನ್ನು ನಾವು ಪೆಟ್ಟಿಗೆಯಲ್ಲಿ ಕಟ್ಟಿಕೊಂಡು ಹೋದೆವು.

ಲೋಹಿಯಾ ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ. 1967ರಲ್ಲಿ ದೆಹಲಿಯ ವಿಲಿಂಗ್ಡನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ ಚೇತರಿಸಿಕೊಳ್ಳದೆ ಅಕ್ಟೋಬರ್ 12ರಂದು ತೀರಿಕೊಂಡರು. ಆಗ ಅವರಿಗೆ 57 ವರ್ಷ. ಮುಂದೆ ಆ ಆಸ್ಪತ್ರೆಗೆ ಅವರದೇ ಹೆಸರಿಟ್ಟರು.