ಸೋರೆನ್ಸನ್ನರ ಅಂಕೆ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ರೈತರಿಗೆ 2015ನೆಯ ಇಸವಿಯಿಂದೀಚೆಗೆ ಕೊಡಲಾಗುತ್ತಿರುವ ಮಣ್ಣು ಆರೋಗ್ಯ ಚೀಟಿಯಲ್ಲಿ ರಸಸಾರವೆಂಬುದೊಂದು ಅಂಕೆಯುಂಟು. ಎಂಟು, ಎಂಟೂವರೆ ಎಂದು ಅದನ್ನೋದಿ ಚೀಟಿಯನ್ನು ಮಡಿಚಿಡುವುದು ಸುಲಭ. ಆ ಅಂಕೆಯನ್ನು ಲೋಕಕ್ಕಿತ್ತ ಮಹನೀಯರು ಯಾರು, ಅದನ್ನು ಓದತಕ್ಕ ಬಗೆ ಯಾವುದು ಎಂಬುದನ್ನು ಇಂದು ವಾಚಕರ ಮುಂದಿಡಬಯಸುತ್ತೇವೆ.

ಸೋರೆನ್ ಸೋರೆನ್ಸನ್ನರು 1868ನೆಯ ಜನವರಿ 9ರಂದು ಡೆನ್ಮಾರ್ಕ್ ದೇಶದ ಹಾವ್ರೆಬ್ಯೆರ್ಗ್ ಗ್ರಾಮದ ಒಕ್ಕಲು ಮನೆತನವೊಂದರಲ್ಲಿ ಜನಿಸಿದರು. ಹದಿನೆಂಟನೆಯ ವಯಸ್ಸಿನಲ್ಲಿ ವೈದ್ಯವಿದ್ಯೆಗೆಂದು ಕೋಪನ್‌ಹೇಗನ್ ವಿಶ್ವವಿದ್ಯಾಲಯವನ್ನು ಸೇರಿದವರು ಪ್ರೊಫೆಸರ್ ಯೋರ್ಗೆನ್ಸನ್ನರ ಪ್ರಭಾವದಿಂದ ರಸಾಯನಶಾಸ್ತ್ರದ ಕಡೆಗೆ ತಿರುಗಿದರು. 1899ರಲ್ಲಿ ಡಾಕ್ಟರ್ ಪದವಿಯನ್ನು ಪಡೆದು, 1901ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯ ರಸಾಯನ ವಿಭಾಗದ ಮುಖ್ಯಸ್ಥರಾದರು. ಕಾರ್ಲ್ಸ್‌ಬರ್ಗ್ ಎಂಬುದು ಬಿಯರ್ ತಯಾರಿಸುವ ಕಾರಖಾನೆ. ಪಾನನಿರೋಧದ ಅಭಿಮಾನಿಗಳು ಇಲ್ಲಿ ಹುಬ್ಬುಗಂಟಿಕ್ಕಬೇಕಾಗಿಲ್ಲ. ಅದರ ಒಡೆಯರಾದ ಯಾಕೊಬ್ಸನ್ನರು, ಪ್ರಯೋಗಶಾಲೆಯಲ್ಲಿ ದೊರೆತ ಮಹತ್ವದ ಯಾವ ಫಲಿತಾಂಶವನ್ನೂ ಗುಟ್ಟಾಗಿಡಕೂಡದೆಂದು ಕಟ್ಟಳೆಯನ್ನೇ ಮಾಡಿದ್ದರು. ನಮ್ಮ ಉದ್ಯಮಪತಿಗಳಲ್ಲಿ ಇಂತಹ ಬುದ್ಧಿ ಎಷ್ಟು ಜನರಿಗುಂಟೋ!

ಅಲ್ಲಿ ಸೋರೆನ್ಸನ್ನರು ಕಿಣ್ವಗಳ ಕೆಲಸವನ್ನು ಪರೀಕ್ಷಿಸತೊಡಗಿದರು. ದ್ರಾವಣದಲ್ಲಿ ಬೆರೆತ ಒಟ್ಟು ಆಮ್ಲವೆಷ್ಟೆಂದು ಅಳೆಯುವುದು ಅಂದಿನ ವಾಡಿಕೆ. ಆದರೆ ಗಂಧಕಾಮ್ಲವೂ ಹುಣಿಸೆಹಣ್ಣಿನ ಆಮ್ಲವೂ ಸಮಪ್ರಮಾಣದಲ್ಲಿ ಬೆರೆತರೂ ಸಮವಾಗಿ ವರ್ತಿಸುವುದಿಲ್ಲ. ಮೊದಲನೆಯದು ಜಲಜನಕದ ಅಯಾನುಗಳನ್ನು, ಎಂದರೆ ವಿದ್ಯುದಂಶವುಳ್ಳ ಕಣಗಳನ್ನು, ಧಾರಾಳವಾಗಿ ಬಿಡುವುದು; ಎರಡನೆಯದು ಕೃಪಣ. ಕಿಣ್ವಗಳ ಚುರುಕನ್ನು ನಿರ್ಣಯಿಸುವುದು ಹೀಗೆ ಬಿಡುಗಡೆಯಾದ ಅಯಾನುಗಳೇ ಹೊರತು ಒಟ್ಟು ಆಮ್ಲವಲ್ಲವೆಂದು ಅವರು ತೋರಿಸಿಕೊಟ್ಟರು.

ಆದರೆ ಆ ಅಯಾನುಗಳ ಮೊತ್ತವು ಅತ್ಯಲ್ಪ. ಒಂದು ಲೀಟರು ಶುದ್ಧ ಜಲದಲ್ಲಿ ಅವು ಒಂದು ಗ್ರಾಮಿನ ಕೋಟಿಯಲ್ಲೊಂದು ಪಾಲು ಮಾತ್ರ. ಕೋಟಿಗೆ ಸೊನ್ನೆಗಳು ಏಳು. ಆದುದರಿಂದ ಅದನ್ನು 7 ಎಂದು ಬರೆದರೆ ಸಾಕೆಂದು 1909ರಲ್ಲಿ ಅವರು ಸೂಚಿಸಿದರು. ಇದೇ ಪಿಎಚ್, ನಮ್ಮ ರಸಸಾರ. ಹತ್ತು ಸಾವಿರದಲ್ಲೊಂದು ಪಾಲಿದ್ದರೆ 4, ಅದು ಆಮ್ಲ. ಹತ್ತು ಕೋಟಿಯಲ್ಲೊಂದು ಪಾಲಿದ್ದರೆ 8, ಅದು ಕ್ಷಾರ. ಹುಳಿ ಹೆಚ್ಚಿದಂತೆ ಅಂಕೆ ಇಳಿಯುವುದು ಇದರಿಂದಲೇ.

ಎಂಟಕ್ಕೂ ಒಂಬತ್ತಕ್ಕೂ ಇರುವ ಅಂತರ ಒಂದೇ ಎಂದು ಎಣಿಸುವ ಅಧಿಕಾರಿಗಳು ಈ ಮಾತನ್ನು ಲಕ್ಷಿಸಬೇಕು. ಅಂತರವು ಒಂದರದಲ್ಲ, ಹತ್ತು ಪಟ್ಟಿನದು. ಭೀಮಾ ತೀರದ ಎರೆಭೂಮಿಯಲ್ಲಿ ಸುಣ್ಣದ ಹರಳುಗಳುಂಟು. ಅಂತಹ ಭೂಮಿಯ ರಸಸಾರವು ಎಂಟರ ಆಸುಪಾಸಿನಲ್ಲಿರುವುದು ಸಹಜ, ತೊಗರಿಗೂ ಜೋಳಕ್ಕೂ ಅದು ಅನ್ಯವಲ್ಲ. ಎಂಟೂವರೆಯನ್ನು ದಾಟಿತೆಂದರೆ ಸುಣ್ಣವಲ್ಲ, ಸೋಡಿಯಂ ಸೇರಿದೆಯೆಂದು ಶಂಕಿಸಬೇಕು. ಆಗ ಜೇಡಿ ಕದಡಿ ನೀರು ಇಂಗದಾಗುವುದು, ಭೂಮಿ ಸವಳಾಗುವುದು. ಕಬ್ಬಿಣ, ಸತುಗಳು ಮಣ್ಣಿನಲ್ಲಿದ್ದರೂ ಬೇರಿಗೆ ದಕ್ಕದೆ ಎಲೆ ಹಳದಿಯಾಗುವುದು. ಬಸಿಗಾಲುವೆಯಿಲ್ಲದೆ ನೀರು ಹಾಯಿಸಿದ ಎರೆಭೂಮಿಗೆ ಈ ಭಯವು ಹೆಚ್ಚು. ಕಾಲುವೆಯ ನೀರು ಬಂದಿರುವ ಜೇವರ್ಗಿಯ ಕಡೆಯವರು ಇದನ್ನು ಮರೆಯಲಾಗದು. ಇದಕ್ಕೆ ಮದ್ದು ಜಿಪ್ಸಂ ಮತ್ತು ನೀರನ್ನು ಬಸಿದುಹೋಗಗೊಡುವ ದಾರಿ. ಸುಣ್ಣವನ್ನು ಸುರಿಯುವುದು ಮಲೆನಾಡಿನ ಹುಳಿಮಣ್ಣಿಗೆ ಹೇಳಿದ ಚಿಕಿತ್ಸೆ. ಅದು ಇಲ್ಲಿ ವ್ಯರ್ಥ.

ಸೋರೆನ್ಸನ್ನರು ಮುಂದೆ ಮೊಟ್ಟೆಯ ಬಿಳಿಭಾಗದ ಪ್ರೋಟೀನುಗಳನ್ನು ಅಭ್ಯಸಿಸಿದರು. ಪತ್ನಿ ಮಾರ್ಗರೆಥೆಯವರು ಆ ಕಾರ್ಯದಲ್ಲಿ ನೆರವಾದರು. ನೊಬೆಲ್ ಪಾರಿತೋಷಕವು ಅವರಿಗೆ ದೊರೆಯಲಿಲ್ಲ. 1938ರಲ್ಲಿ ಪ್ರಯೋಗಶಾಲೆಯಿಂದ ನಿವೃತ್ತರಾಗಿ, 1939ನೆಯ ಫೆಬ್ರವರಿ 12ರಂದು ದಿವಂಗತರಾದರು.